ಡಿಗ್ರಿಯ ಮೊದಲ ಸ್ಟ್ಯಾಟಿಸ್ಟಿಕ್ಸ್ ಪೇಪರ್: ಪದೇ ಪದೇ ಕೇಳುವ ಪ್ರಶ್ನೆಗಳು

ಬಿಎ ಅರ್ಥಶಾಸ್ತ್ರ, ಬಿಕಾಂ, ಬಿಬಿಎ ಯಾವುದಕ್ಕೇ ಸೇರಿರಲಿ, ಒಂದಲ್ಲ ಒಂದು ಸೆಮಿಸ್ಟರಿನಲ್ಲಿ ಸಂಖ್ಯಾಶಾಸ್ತ್ರದ ಪೇಪರ್ ಎದುರಾಗುತ್ತದೆ. ಬಳ್ಳಾರಿಯಲ್ಲಿ ಈ ಪಾಠ ಮಾಡುವಾಗ ಪ್ರತಿ ವರ್ಷ ಹೆಚ್ಚುಕಡಿಮೆ ಅವೇ ಪ್ರಶ್ನೆಗಳು ಬರುತ್ತವೆ. ಕ್ಲಾಸಿನಲ್ಲಿ ಕೇಳಲು ಹಿಂಜರಿಯುವವರೂ ಇರುತ್ತಾರೆ. ಅವರಿಗೆಂದೇ ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ. ಉದಾಹರಣೆಗಳ ಅಂಕಿಗಳು ಲೆಕ್ಕ ಕಲಿಯಲು ನಾನೇ ಹಿಡಿದವು.

ಪಿಯುಸಿಯಲ್ಲಿ ನಾನು ಗಣಿತ ತಗೊಂಡಿರಲಿಲ್ಲ. ಈ ಪೇಪರ್ ನನ್ನ ಕೈಲಿ ಆಗುತ್ತಾ?

ಖಂಡಿತ ಆಗುತ್ತದೆ. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು, ವರ್ಗ, ವರ್ಗಮೂಲ, ಶೇಕಡಾ. ಇಷ್ಟು ಬಂದರೆ ಈ ಕೋರ್ಸಿನ ಬಹುಪಾಲು ಲೆಕ್ಕ ನಿಮ್ಮ ಕೈಯಲ್ಲಿದ್ದಂತೆ. ಸರಾಸರಿ, ಮಧ್ಯಾಂಕ, ಬಹುಲಕ, ಓಜೀವ್ ನಕ್ಷೆ ಇವನ್ನೆಲ್ಲ ಎಸ್ಸೆಸ್ಸೆಲ್ಸಿಯಲ್ಲೇ ಮಾಡಿದ್ದೀರಿ, ನೆನಪು ಮಾಸಿರಬಹುದು ಅಷ್ಟೇ.

ಪಿಯುಸಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದಿ ಬಂದವರಿಗೆ ಮೊದಲ ಕೆಲವು ವಾರ ಸಲೀಸು. ಅದೇ ಧೈರ್ಯದಲ್ಲಿ ಕ್ಲಾಸ್ ಬಿಡುತ್ತಾ ಹೋದರೆ ರಿಗ್ರೆಷನ್ (ಒಂದರ ಅಂಕಿಯಿಂದ ಇನ್ನೊಂದನ್ನು ಅಂದಾಜು ಮಾಡುವ ಸಮೀಕರಣ) ಬರುವ ಹೊತ್ತಿಗೆ ಅವರೂ ಇವರೂ ಒಂದೇ. ಗಣಿತ ಬಿಟ್ಟು ಬಂದ ಹುಡುಗಿಯರು ವಾರಕ್ಕೆ ಎರಡು ಸಲ ಕೂತು ಲೆಕ್ಕ ಮಾಡಿ ಕ್ಲಾಸಿಗೇ ಮುಂದೆ ಬಂದದ್ದನ್ನು ಎಷ್ಟೋ ಸಲ ಕಣ್ಣಾರೆ ಕಂಡಿದ್ದೇನೆ.

ಅಣ್ಣನ ಹಳೇ ನೋಟ್ಸ್ ಇದೆ. ಅದನ್ನೇ ಓದಿದರೆ ಸಾಕಾ?

ಮೊದಲು ಅದು ಯಾವ ಸಿಲಬಸ್ಸಿನದು ಅಂತ ನೋಡಿ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಶುರುವಾದದ್ದು 2010ರಲ್ಲಿ. ಆಮೇಲೆ ರಾಯಚೂರಿಗೂ ಕೊಪ್ಪಳಕ್ಕೂ ಬೇರೆ ಬೇರೆ ವಿಶ್ವವಿದ್ಯಾಲಯಗಳಾದವು. ಅದರ ಮೇಲೆ, 2021ರಲ್ಲಿ ಬಂದ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಪದ್ಧತಿಯನ್ನು ರಾಜ್ಯ ಸರ್ಕಾರ 2024-25ರಿಂದ ಕೈಬಿಟ್ಟು ಮೂರು ವರ್ಷದ ಡಿಗ್ರಿಗೆ ಮರಳಿತು. ಹೀಗಾಗಿ ಅಣ್ಣನ ಪೇಪರಿನ ಹೆಸರು ಒಂದೇ ಇದ್ದರೂ ಒಳಗಿನ ಅಧ್ಯಾಯ ಬೇರೆ ಇರಬಹುದು. ನಿಮ್ಮ ಬ್ಯಾಚಿನ ಸಿಲಬಸ್ ಇಳಿಸಿಕೊಂಡು ಪಕ್ಕದಲ್ಲಿ ಇಟ್ಟುಕೊಳ್ಳಿ, ಹೊಂದುವ ಅಧ್ಯಾಯ ಮಾತ್ರ ಹಳೇ ನೋಟ್ಸಿನಿಂದ ಓದಿ. ಹಳೇ ಪ್ರಶ್ನೆಪತ್ರಿಕೆಗೂ ಇದೇ ಮಾತು.

ಸರಾಸರಿ ಗೊತ್ತಿದ್ದರೆ ಸಾಕಲ್ವಾ? ಮಧ್ಯಾಂಕ, ಬಹುಲಕ ಅಂತ ಮೂರು ಮೂರು ಯಾಕೆ?

ಬಳ್ಳಾರಿಯ ಒಂದು ಜೀನ್ಸ್ ಘಟಕ ಅಂದುಕೊಳ್ಳಿ. ಅಲ್ಲಿ ಏಳು ಜನರಿಗೆ ವಾರದ ಪಗಾರ ಹೀಗಿದೆ: 2,800, 3,000, 3,000, 3,200, 3,400, 3,600 ಮತ್ತು 16,000 ರೂಪಾಯಿ. ಕೊನೆಯದು ಮ್ಯಾನೇಜರದ್ದು. ಎಲ್ಲ ಕೂಡಿದರೆ 35,000. ಏಳರಿಂದ ಭಾಗಿಸಿದರೆ ಸರಾಸರಿ 5,000.

ಈಗ ಹೊಲಿಗೆ ಮಷಿನ್ ಮುಂದೆ ಕೂತವರನ್ನು ಒಬ್ಬೊಬ್ಬರಾಗಿ ಕೇಳಿ. 5,000 ಪಡೆಯುವವರು ಅಲ್ಲಿ ಯಾರೂ ಇಲ್ಲ. ಏಳರಲ್ಲಿ ಆರು ಜನರ ಪಗಾರ ಸರಾಸರಿಗಿಂತ ಎಷ್ಟೋ ಕೆಳಗಿದೆ. ಮಧ್ಯಾಂಕ, ಅಂದರೆ ಸಾಲಿನ ನಡುವಿನ ಅಂಕಿ, 3,200. ಬಹುಲಕ (ಮೋಡ್), ಅಂದರೆ ಹೆಚ್ಚು ಸಲ ಬಂದ ಅಂಕಿ, 3,000. ಆ ಘಟಕದ ಸ್ಥಿತಿ ತಿಳಿಯಬೇಕಾದರೆ ಈ ಎರಡೇ ನಿಜಕ್ಕೆ ಹತ್ತಿರ. ಮಾಲೀಕನಿಗೆ ಒಟ್ಟು ಖರ್ಚು ಬೇಕಿದ್ದರೆ ಸರಾಸರಿ ಸರಿ, ಏಳರಿಂದ ಗುಣಿಸಿದರೆ ಒಟ್ಟು ಮೊತ್ತ ಸಿಗುತ್ತದೆ. ಯಾವುದನ್ನು ಹಿಡಿಯಬೇಕು ಅನ್ನುವುದು ನೀವು ಏನು ಕೇಳುತ್ತಿದ್ದೀರಿ ಅನ್ನುವುದರ ಮೇಲೆ ನಿಂತಿದೆ. ಇಡೀ ಕೋರ್ಸಿನಲ್ಲಿ ನಾನು ಎಲ್ಲಕ್ಕಿಂತ ಜಾಸ್ತಿ ಒತ್ತಿ ಹೇಳುವ ಮಾತು ಇದೇ.

ಬಹುಲಕ ಬರೀ ಪರೀಕ್ಷೆಗೆ ಅಂದುಕೊಳ್ಳಬೇಡಿ. ಎಪಿಎಂಸಿ ದರಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ ದರದ ಜೊತೆ ಮೋಡಲ್ ದರ ಅಂತ ಒಂದು ಕಾಲಂ ಇರುತ್ತದೆ. ಸರ್ಕಾರದ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ದಿನಾ ಬರುತ್ತದೆ. ಆ ದಿನ ಹೆಚ್ಚು ಮಾಲು ಯಾವ ದರಕ್ಕೆ ಹೋಯಿತು ಅನ್ನುವುದನ್ನು ಅದು ಹೇಳುತ್ತದೆ. ರಾಯಚೂರಿಗೆ ಹತ್ತಿ ಒಯ್ಯುವ ರೈತ ಗರಿಷ್ಠ ದರ ನೋಡಿ ಹೊರಟರೆ ನಿರಾಸೆಯಾಗುತ್ತದೆ. ಅವನು ನೋಡಬೇಕಾದ ಅಂಕಿ ಈ ಕಾಲಂನಲ್ಲಿದೆ.

ಮಾನಕ ವಿಚಲನೆ ಲೆಕ್ಕ ಬರುತ್ತದೆ. ಆದರೆ ಬಂದ ಉತ್ತರದಿಂದ ಏನು ತಿಳಿಯಬೇಕು?

ಎರಡು ಮಿರ್ಚಿ ಬಂಡಿ ತಗೊಳ್ಳಿ. ಐದು ದಿನದಲ್ಲಿ ಮೊದಲ ಬಂಡಿಯಲ್ಲಿ ಹೋದ ಪ್ಲೇಟು 40, 60, 80, 100, 120. ಎರಡನೆಯದರಲ್ಲಿ 76, 78, 80, 82, 84. ಎರಡರದ್ದೂ ಸರಾಸರಿ 80. ಆದರೆ ದಿನಾ ಬೆಳಿಗ್ಗೆ ಎಷ್ಟು ಹಿಟ್ಟು ಕಲಸಬೇಕು ಅನ್ನುವ ತಲೆನೋವು ಯಾರಿಗೆ? ಮೊದಲನೆಯವನಿಗೆ. ಅವನ ಮಾನಕ ವಿಚಲನೆ, ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ, 28.28, ಎರಡನೆಯವನದು 2.83. ಸರಾಸರಿಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ವಿಚಲನ ಗುಣಾಂಕ: ಮೊದಲನೆಯವನಿಗೆ ಸುಮಾರು 35 ಶೇಕಡಾ, ಎರಡನೆಯವನಿಗೆ ಸುಮಾರು 3.5.

ಉತ್ತರದ ಕೆಳಗೆ ಒಂದು ಸಾಲು ಬರೆಯಿರಿ: ‘ಎರಡನೇ ಬಂಡಿಯ ವ್ಯಾಪಾರ ಹೆಚ್ಚು ಸ್ಥಿರವಾಗಿದೆ.’ ಈ ಸಾಲು ಬರೆಯದೆ ಎಷ್ಟೋ ಮಕ್ಕಳು ಮುಂದಿನ ಲೆಕ್ಕಕ್ಕೆ ಹೋಗಿಬಿಡುತ್ತಾರೆ. ಲೆಕ್ಕ ಮಾಡಿದ್ದೇ ಆ ಸಾಲಿಗೋಸ್ಕರ ಅಲ್ವಾ?

ನನ್ನ ಕ್ಯಾಲ್ಕುಲೇಟರ್ 31.62 ಅಂತಿದೆ, ಪುಸ್ತಕ 28.28 ಅಂತಿದೆ. ಯಾವುದು ಸರಿ?

ಎರಡೂ ಸರಿ. ಅಂತರಗಳ ವರ್ಗ ಕೂಡಿ ಐದರಿಂದ ಭಾಗಿಸಿದರೆ 28.28 ಬರುತ್ತದೆ, ನಾಲ್ಕರಿಂದ ಭಾಗಿಸಿದರೆ 31.62. ನಿಮ್ಮ ಹತ್ತಿರ ಇರುವುದೇ ಪೂರ್ತಿ ಅಂಕಿಗಳು ಅಂತಾದರೆ ಎನ್‌ನಿಂದ, ಅಂದರೆ ಒಟ್ಟು ಎಷ್ಟು ಅಂಕಿ ಇವೆಯೋ ಅದರಿಂದ, ಭಾಗಿಸಬೇಕು. ದೊಡ್ಡ ಗುಂಪಿನಿಂದ ತೆಗೆದ ಮಾದರಿ ಆದರೆ ಎನ್ ಮೈನಸ್ ಒಂದರಿಂದ. ಮಾದರಿಯ ಸರಾಸರಿಯನ್ನು ಆ ಅಂಕಿಗಳಿಂದಲೇ ತೆಗೆದಿರುತ್ತೇವೆ. ಹಾಗಾಗಿ ಅಂತರಗಳು ಇರಬೇಕಾದ್ದಕ್ಕಿಂತ ಸ್ವಲ್ಪ ಚಿಕ್ಕದಾಗಿ ಕಾಣುತ್ತವೆ. ಒಂದು ಕಡಿಮೆ ಮಾಡಿ ಭಾಗಿಸುವುದು ಅದನ್ನು ಸರಿದೂಗಿಸಲು.

ನಮ್ಮ ಕಡೆ ಹೆಚ್ಚಿನವರ ಕೈಯಲ್ಲಿರುವುದು ಕ್ಯಾಸಿಯೋ ಎಫ್‌ಎಕ್ಸ್ 82 ಎಂಎಸ್. ಅದರಲ್ಲಿ ಮೋಡ್ ಒತ್ತಿ 2 ಒತ್ತಿದರೆ ಎಸ್‌ಡಿ ಮೋಡ್ ಬರುತ್ತದೆ. ಮೊದಲು ಶಿಫ್ಟ್, ಸಿಎಲ್‌ಆರ್, 1, ಸಮ ಚಿಹ್ನೆ ಒತ್ತಿ ಹಳೇ ಅಂಕಿ ಅಳಿಸಿ. ಆಮೇಲೆ ಪ್ರತಿ ಅಂಕಿ ಒತ್ತಿ ಎಂ ಪ್ಲಸ್ ಒತ್ತಿ. ಎಲ್ಲ ಆದ ಮೇಲೆ ಶಿಫ್ಟ್ ಮತ್ತು 2. ತೆರೆಯ ಮೇಲೆ ಮೂರು ಆಯ್ಕೆ ಕಾಣುತ್ತವೆ: 1 ಸರಾಸರಿ, 2 ಎನ್‌ನಿಂದ ಭಾಗಿಸಿದ ವಿಚಲನೆ, 3 ಎನ್ ಮೈನಸ್ ಒಂದರಿಂದ ಭಾಗಿಸಿದ್ದು. ಬೇಕಾದ ಸಂಖ್ಯೆ ಒತ್ತಿ ಸಮ ಚಿಹ್ನೆ ಒತ್ತಿ. ಪರೀಕ್ಷೆಯಲ್ಲಿ ಟೇಬಲ್ ಹಾಕಿಯೇ ಲೆಕ್ಕ ಮಾಡಿ, ಇದನ್ನು ತಾಳೆ ನೋಡಲು ಬಳಸಿ. ಹಳೇ ಅಂಕಿ ಅಳಿಸದೆ ಶುರು ಮಾಡಿದರೆ ಉತ್ತರ ಪೂರ್ತಿ ಹಾಳು.

ಸಂಭವನೀಯತೆ ತಲೆಗೇ ಹೋಗುತ್ತಿಲ್ಲ.

ಸೂತ್ರ ಹುಡುಕುವ ಮೊದಲು ಏನೇನು ಆಗಬಹುದು ಅಂತ ಪಟ್ಟಿ ಬರೆಯಿರಿ. ಎರಡು ನಾಣ್ಯಕ್ಕೆ ನಾಲ್ಕು ಸಾಧ್ಯತೆ, ಎರಡು ದಾಳಕ್ಕೆ 36. ಒಟ್ಟಿಗೆ ಆಗಲಾರದ ಘಟನೆಗಳಲ್ಲಿ ‘ಇದು ಅಥವಾ ಅದು’ ಅಂದರೆ ಕೂಡಿ. ಒಂದಕ್ಕೊಂದು ಸಂಬಂಧ ಇಲ್ಲದ ಘಟನೆಗಳಲ್ಲಿ ‘ಇದು ಮತ್ತು ಅದು’ ಅಂದರೆ ಗುಣಿಸಿ. ಒಟ್ಟಿಗೆ ಆಗದಿರುವುದು ಬೇರೆ, ಸಂಬಂಧ ಇಲ್ಲದಿರುವುದು ಬೇರೆ. ಈ ಎರಡನ್ನು ಒಂದೇ ಅಂದುಕೊಳ್ಳುವುದೇ ಇಲ್ಲಿ ದೊಡ್ಡ ಗೊಂದಲ. ಅದು ಬಿಡಿಸಿದರೆ ಉಳಿದದ್ದು ಬರೀ ಅಭ್ಯಾಸ.

ಸಹಸಂಬಂಧ 0.9 ಬಂತು. ಒಂದರಿಂದ ಇನ್ನೊಂದು ಆಗುತ್ತದೆ ಅಂತ ಬರೆಯಬಹುದಾ?

ಬರೆಯಬಾರದು. ಎರಡು ವಿಷಯಗಳ ಅಂಕಿ ಎಷ್ಟರ ಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಅನ್ನುವುದನ್ನಷ್ಟೇ ಸಹಸಂಬಂಧ ಅಳೆಯುತ್ತದೆ. ಬಳ್ಳಾರಿಯಲ್ಲಿ ಏಪ್ರಿಲ್, ಮೇನಲ್ಲಿ ಕಲ್ಲಂಗಡಿ ವ್ಯಾಪಾರ ಏರುತ್ತದೆ, ಕರೆಂಟ್ ಬಿಲ್ಲೂ ಏರುತ್ತದೆ. ಅಂಕಿ ಹಾಕಿದರೆ ಸಹಸಂಬಂಧ ಜೋರಾಗಿಯೇ ಬರುತ್ತದೆ. ಕಲ್ಲಂಗಡಿ ತಿಂದದ್ದಕ್ಕೆ ಬಿಲ್ ಏರಿತು ಅಂತ ಯಾರಾದರೂ ಹೇಳುತ್ತಾರಾ? ಎರಡಕ್ಕೂ ಕಾರಣ ಬಿಸಿಲು. ‘ಎರಡೂ ಒಟ್ಟಿಗೆ ಏರುತ್ತಿವೆ’ ಅಂತ ಬರೆಯಿರಿ, ಅಷ್ಟಕ್ಕೇ ನಿಲ್ಲಿಸಿ.

ರಿಗ್ರೆಷನ್‌ನಿಂದ ಮುಂದಿನದು ಹೇಳಬಹುದಲ್ವಾ?

ಹೇಳಬಹುದು, ಒಂದು ಮಿತಿಯೊಳಗೆ. ಗಂಗಾವತಿ ಕಡೆ ಭತ್ತದ ಇಳುವರಿಯನ್ನು 75 ಕೆಜಿ ಚೀಲದಲ್ಲಿ ಹೇಳುತ್ತಾರೆ. ಎಕರೆಗೆ ಎರಡರಿಂದ ಐದು ಚೀಲ ಗೊಬ್ಬರ ಹಾಕಿದ ಹೊಲಗಳ ಅಂಕಿಯಿಂದ ‘ಇಳುವರಿ = 20 + 3 × ಗೊಬ್ಬರದ ಚೀಲ’ ಅನ್ನುವ ಸಮೀಕರಣ ಬಂತು ಅಂದುಕೊಳ್ಳಿ. ನಾಲ್ಕು ಚೀಲ ಹಾಕಿದರೆ 32 ಚೀಲ ಭತ್ತ ನಿರೀಕ್ಷಿಸಬಹುದು. ಹಾಗಂತ 30 ಚೀಲ ಗೊಬ್ಬರ ಸುರಿದರೆ 110 ಚೀಲ ಬರುತ್ತದಾ? ಬೆಳೆಯೇ ಸುಟ್ಟುಹೋಗುತ್ತದೆ. ಸಮೀಕರಣಕ್ಕೆ ಅದು ಗೊತ್ತಿಲ್ಲ, ರೈತನಿಗೆ ಗೊತ್ತು. ನಿಮ್ಮ ಅಂಕಿ ಎಲ್ಲಿಂದ ಎಲ್ಲಿಯವರೆಗೆ ಇತ್ತೋ ಅಲ್ಲಿಯವರೆಗೆ ಮಾತ್ರ ಅದರ ಮಾತು ನಂಬಿ.

ಲೆಕ್ಕ ತಾಳೆ ನೋಡಲು ಒಂದು ದಾರಿ: ಇದರಿಂದ ಅದನ್ನು, ಅದರಿಂದ ಇದನ್ನು ಅಂದಾಜು ಮಾಡುವ ಎರಡು ಸಮೀಕರಣಗಳ ರಿಗ್ರೆಷನ್ ಗುಣಾಂಕಗಳ (ಮೇಲಿನ 3ರಂಥ ಅಂಕಿಗಳ) ಚಿಹ್ನೆ ಒಂದೇ ಇರಬೇಕು, ಗುಣಿಸಿದರೆ ಒಂದನ್ನು ಮೀರಬಾರದು. ಮೀರಿದರೆ ಎಲ್ಲೋ ತಪ್ಪಿದೆ.

ಸೂಚ್ಯಂಕಕ್ಕೆ ಇಷ್ಟೊಂದು ಸೂತ್ರ ಯಾಕೆ? ಬೆಲೆ ಏರಿದ್ದು ಒಂದೇ ತಾನೆ?

ಆಧಾರ ವರ್ಷದ ಬೆಲೆಯನ್ನು 100 ಅಂತ ಹಿಡಿದರೆ ಈಗಿನದು ಎಷ್ಟು ಅಂತ ಹೇಳುವ ಅಂಕಿಯೇ ಸೂಚ್ಯಂಕ. ಮನೆಯ ರೇಷನ್ ಲೆಕ್ಕದಲ್ಲೇ ನೋಡೋಣ. ಆಧಾರ ವರ್ಷದಲ್ಲಿ ಅಕ್ಕಿ ಕೆಜಿಗೆ 40 ರೂಪಾಯಿ, ತಂದದ್ದು 10 ಕೆಜಿ. ಜೋಳ 30 ರೂಪಾಯಿ, ತಂದದ್ದು 5 ಕೆಜಿ. ಈಗ ಅಕ್ಕಿ 50, ತಂದದ್ದು 8 ಕೆಜಿ. ಜೋಳ 36, ತಂದದ್ದು 10 ಕೆಜಿ.

ಲಾಸ್ಪೇರ್ ಅನ್ನುವ ಅರ್ಥಶಾಸ್ತ್ರಜ್ಞ ಆಧಾರ ವರ್ಷದ ಪ್ರಮಾಣ ಹಿಡಿಯುತ್ತಾನೆ. ಆಗಿನ ಖರ್ಚು 550, ಅದೇ ಸಾಮಾನಿಗೆ ಈಗ 680. ಸೂಚ್ಯಂಕ 123.64. ಪಾಶೆ ಈಗಿನ ಪ್ರಮಾಣ ಹಿಡಿಯುತ್ತಾನೆ. 620ರ ಜಾಗದಲ್ಲಿ 760. ಸೂಚ್ಯಂಕ 122.58. ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ ಫಿಶರ್ ಸೂಚ್ಯಂಕ, 123.11.

ಲಾಸ್ಪೇರ್ ಯಾಕೆ ಜಾಸ್ತಿ ಬಂತು? ಅಕ್ಕಿ ಹೆಚ್ಚು ತುಟ್ಟಿಯಾಯಿತು, ಮನೆಯವರು ಅಕ್ಕಿ ಕಡಿಮೆ ಮಾಡಿ ರೊಟ್ಟಿ ಜಾಸ್ತಿ ಮಾಡಿದರು. ಲಾಸ್ಪೇರ್ ಲೆಕ್ಕದಲ್ಲಿ ಅವರು ಇನ್ನೂ ಹಿಂದಿನಷ್ಟೇ ಅಕ್ಕಿ ಉಣ್ಣುತ್ತಿದ್ದಾರೆ. ಇದನ್ನು ಅರ್ಥ ಮಾಡಿಕೊಂಡವರು ಸೂತ್ರ ಅದಲುಬದಲು ಮಾಡುವುದಿಲ್ಲ. ಲಾಸ್ಪೇರ್ ತನ್ನ ಸೂತ್ರ ಕೊಟ್ಟದ್ದು 1871ರಲ್ಲಿ, ಪಾಶೆ 1874ರಲ್ಲಿ. ಇವತ್ತಿಗೂ ನಮ್ಮ ದೇಶದ ಗ್ರಾಹಕ ಬೆಲೆ ಸೂಚ್ಯಂಕ ಲಾಸ್ಪೇರ್ ಮಾದರಿಯಲ್ಲೇ ನಡೆಯುತ್ತದೆ, ಪ್ರತಿ ತಿಂಗಳು ಕೋಟ್ಯಂತರ ಮನೆಗಳ ಹೊಸ ಪ್ರಮಾಣ ಕೂಡಿಸುವುದು ಆಗದ ಕೆಲಸ. ಕೇಂದ್ರ ನೌಕರರ ತುಟ್ಟಿಭತ್ಯೆ ನಿಂತಿರುವುದು ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕದ ಮೇಲೆ.

ಕೆಲವೇ ಜನರನ್ನು ಕೇಳಿ ಇಡೀ ಜಿಲ್ಲೆಯ ಮಾತು ಹೇಳುವುದು ಹೇಗೆ ಸಾಧ್ಯ?

ಬೆಳೆ ಕಟಾವು ಪ್ರಯೋಗ ನಮ್ಮೂರಿನ ಹೊಲದಲ್ಲೇ ನಡೆಯುತ್ತದೆ. ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗಳ ಇಳುವರಿಯನ್ನು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅಂದಾಜು ಮಾಡುತ್ತಾರೆ. ಇಡೀ ಪಂಚಾಯಿತಿಯ ಹೊಲ ಯಾರೂ ಅಳೆಯುವುದಿಲ್ಲ. ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದ ಹಾಗೆ, ಸರ್ವೆ ನಂಬರ್ ಆರಿಸಿ, ಹೊಲದಲ್ಲಿ ಒಂದು ಚಿಕ್ಕ ಚೌಕ ಗುರುತಿಸಿ, ಅದರೊಳಗಿನ ಬೆಳೆ ಕೊಯ್ದು ತೂಗುತ್ತಾರೆ. ಭತ್ತಕ್ಕೆ ಸಾಮಾನ್ಯವಾಗಿ 5 ಮೀಟರ್ ಅಗಲ, 5 ಮೀಟರ್ ಉದ್ದದ ಚೌಕ.

ಇಲ್ಲಿ ಯಾದೃಚ್ಛಿಕ ಅನ್ನುವುದೇ ಜೀವಾಳ. ರಸ್ತೆ ಪಕ್ಕದ ಹೊಲ, ಕಾಲುವೆ ಬುಡದ ಹೊಲ ಅಂತ ಕೈಗೆ ಸಿಕ್ಕಿದ್ದನ್ನು ಆರಿಸಿದರೆ ಅಂದಾಜು ಮೇಲೇರುತ್ತದೆ. ಆಗ ಕಾಲುವೆಯ ಕೊನೆ ಭಾಗದಲ್ಲಿ ಬೆಳೆ ಒಣಗಿದ ರೈತನಿಗೆ ವಿಮೆ ಸಿಗದೆ ಹೋಗಬಹುದು. ಮಾದರಿ ಆರಿಸುವುದು ನ್ಯಾಯದ ಪ್ರಶ್ನೆಯೂ ಹೌದು. ನಮ್ಮ ದೇಶದಲ್ಲಿ ಇಂಥ ಮಾದರಿ ಸಮೀಕ್ಷೆಗಳಿಗೆ ದಾರಿ ಹಾಕಿದವರಲ್ಲಿ ಪಿ. ಸಿ. ಮಹಲನೋಬಿಸ್ ಮುಖ್ಯರು. 1931ರಲ್ಲಿ ಕೋಲ್ಕತ್ತಾದಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆ ಕಟ್ಟಿದವರು. ಅವರ ಹುಟ್ಟಿದ ದಿನ ಜೂನ್ 29ನ್ನು ದೇಶ ಸಂಖ್ಯಾಶಾಸ್ತ್ರ ದಿನವಾಗಿ ಆಚರಿಸುತ್ತದೆ.

ಹೈಪಾಥಿಸಿಸ್ ಟೆಸ್ಟ್ ಬಂದರೆ ಕೈಕಾಲು ಆಡುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಒಂದು ಲೆಕ್ಕ ಪೂರ್ತಿ ಮಾಡೋಣ. ಭತ್ತದ ಚೀಲ 75 ಕೆಜಿ ಇರಬೇಕು. ಒಂದು ಲೋಡಿನಿಂದ 16 ಚೀಲ ಯಾದೃಚ್ಛಿಕವಾಗಿ ಇಳಿಸಿ ತೂಗಿದರು. ಸರಾಸರಿ 74.4 ಕೆಜಿ, ಎನ್ ಮೈನಸ್ ಒಂದರಿಂದ ತೆಗೆದ ಮಾನಕ ವಿಚಲನೆ 1.2.

ನಲ್ ಹೈಪಾಥಿಸಿಸ್, ಅಂದರೆ ಪರೀಕ್ಷೆಗೆ ಒಡ್ಡುವ ಮೂಲ ಊಹೆ: ಲೋಡಿನ ಚೀಲಗಳ ಸರಾಸರಿ ತೂಕ 75 ಕೆಜಿಯೇ. 74.4ರಿಂದ 75 ಕಳೆದರೆ ಮೈನಸ್ 0.6. ವಿಚಲನೆ 1.2ನ್ನು 16ರ ವರ್ಗಮೂಲ 4ರಿಂದ ಭಾಗಿಸಿದರೆ 0.3. ಮೈನಸ್ 0.6ನ್ನು 0.3ರಿಂದ ಭಾಗಿಸಿದರೆ ಟಿ ಬೆಲೆ ಮೈನಸ್ 2. ಸ್ವಾತಂತ್ರ್ಯದ ಅಂಶ (ಡಿಗ್ರೀಸ್ ಆಫ್ ಫ್ರೀಡಂ), ಅಂದರೆ ಎನ್ ಮೈನಸ್ ಒಂದು, 15.

ಈಗ ಟೇಬಲ್ ತೆಗೆಯಿರಿ. ‘ತೂಕ 75 ಕೆಜಿಗಿಂತ ಬೇರೆ ಇದೆಯಾ?’ ಅಂತ ಕೇಳಿದ್ದರೆ ಎರಡೂ ಬದಿಯ ಪರೀಕ್ಷೆ. 5 ಶೇಕಡಾ ಮಟ್ಟದಲ್ಲಿ ಗಡಿ 2.131. ನಮ್ಮದು 2, ಗಡಿ ದಾಟಿಲ್ಲ. ನಲ್ ಹೈಪಾಥಿಸಿಸ್ ತಳ್ಳಿಹಾಕುವಂತಿಲ್ಲ. ‘ತೂಕ 75 ಕೆಜಿಗಿಂತ ಕಡಿಮೆ ಇದೆಯಾ?’ ಅಂತ ಕೇಳಿದ್ದರೆ ಒಂದೇ ಬದಿಯ ಪರೀಕ್ಷೆ, ಗಡಿ 1.753. ನಮ್ಮದು ದಾಟಿತು. ತೂಕ ಕಡಿಮೆ ಇದೆ ಅನ್ನಲು ಪುರಾವೆ ಇದೆ.

ಅದೇ ಚೀಲ, ಅದೇ ತೂಕ, ತೀರ್ಮಾನ ಮಾತ್ರ ಬೇರೆ. ಆದ್ದರಿಂದ ಪ್ರಶ್ನೆ ಯಾವುದು ಅಂತ ತೂಗುವ ಮೊದಲೇ ಬರೆದಿಡಬೇಕು. ಅಂಕಿ ನೋಡಿದ ಮೇಲೆ ಬೇಕಾದ ತೀರ್ಮಾನ ಕೊಡುವ ಪ್ರಶ್ನೆ ಆರಿಸಿಕೊಳ್ಳುವುದು ಮೋಸ. ಕೊಳ್ಳುವ ಮಿಲ್ಲಿನವನಿಗೆ ಕಡಿಮೆ ತೂಕದ ಚಿಂತೆ ಮಾತ್ರ, ಅವನಿಗೆ ಒಂದೇ ಬದಿ ಸರಿ. ತಕ್ಕಡಿ ಸರಿ ಇದೆಯಾ ಅಂತ ನೋಡುವ ಅಧಿಕಾರಿಗೆ ಜಾಸ್ತಿ ಬಂದರೂ ತಪ್ಪು, ಕಡಿಮೆ ಬಂದರೂ ತಪ್ಪು. ಅವರಿಗೆ ಎರಡೂ ಬದಿ.

ಇನ್ನೊಂದು ಮಾತು. ಗಡಿ ದಾಟದಿದ್ದಾಗ ‘ತೂಕ 75 ಕೆಜಿ ಅಂತ ಸಾಬೀತಾಯಿತು’ ಅಂತ ಬರೆಯಬೇಡಿ. ‘ತಳ್ಳಿಹಾಕಲು ಪುರಾವೆ ಸಾಲದು’ ಅಂತ ಬರೆಯಿರಿ. 5 ಶೇಕಡಾ ಅಂದರೆ, ನಲ್ ಹೈಪಾಥಿಸಿಸ್ ನಿಜವಿದ್ದಾಗಲೂ ನಾವು ತಪ್ಪಾಗಿ ಅದನ್ನು ತಳ್ಳುವ ಅಪಾಯವನ್ನು ನೂರಕ್ಕೆ ಐದರಷ್ಟು ಒಪ್ಪಿಕೊಂಡಿದ್ದೇವೆ ಅಂತ.

ಈ ಟಿ ಪರೀಕ್ಷೆ ಹುಟ್ಟಿದ್ದೂ ಇಂಥದೇ ಕೆಲಸದಿಂದ. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ವಿಲಿಯಂ ಗಾಸೆಟ್ ಕೈಗೆ ಸಿಗುತ್ತಿದ್ದುದು ಚಿಕ್ಕ ಚಿಕ್ಕ ಮಾದರಿಗಳು. 1908ರಲ್ಲಿ ‘ಸ್ಟೂಡೆಂಟ್’ ಅನ್ನುವ ಹೆಸರಿನಲ್ಲಿ ಅವನು ಇದನ್ನು ಪ್ರಕಟಿಸಿದ.

ಎಕ್ಸೆಲ್ ಒಂದೇ ಸೆಕೆಂಡಿಗೆ ಮಾಡುತ್ತದೆ. ಕೈಯಲ್ಲಿ ಯಾಕೆ ಮಾಡಬೇಕು?

ಪ್ರತಿ ಬಗೆಯ ಲೆಕ್ಕ ಎರಡು ಮೂರು ಸಲ ಕೈಯಲ್ಲಿ ಮಾಡಿ, ಆಮೇಲೆ ಎಕ್ಸೆಲ್ ಕಲಿಯಿರಿ. ಎರಡೂ ಬೇಕು. ಕೈಯಲ್ಲಿ ಮಾಡಿದವರಿಗೆ ಎಕ್ಸೆಲ್ ತಪ್ಪು ಅಂಕಿ ನುಂಗಿದಾಗ ಉತ್ತರ ನೋಡಿದ ಕೂಡಲೇ ಅನುಮಾನ ಬರುತ್ತದೆ. ಕಂಪ್ಯೂಟರ್ ಇಲ್ಲದವರು ಮೊಬೈಲಿನಲ್ಲೇ ಗೂಗಲ್ ಶೀಟ್ಸ್ ಬಳಸಬಹುದು, ದುಡ್ಡು ಬೇಕಿಲ್ಲ.

ನಮ್ಮ ಕಡೆಯವರು ಯಾರಾದರೂ ಈ ವಿಷಯದಲ್ಲಿ ಹೆಸರು ಮಾಡಿದ್ದಾರಾ?

ಮಾಡಿದ್ದಾರೆ, ಅದೂ ಜಗತ್ತೇ ತಿರುಗಿ ನೋಡುವಷ್ಟು. ಸಿ. ಆರ್. ರಾವ್ ಹುಟ್ಟಿದ್ದು 1920ರ ಸೆಪ್ಟೆಂಬರ್ 10ರಂದು ಹೂವಿನ ಹಡಗಲಿಯಲ್ಲಿ. ಆಗ ಅದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ, ಈಗ ವಿಜಯನಗರ ಜಿಲ್ಲೆ. ತೆಲುಗು ಮನೆತನ, ಓದಿದ್ದು ಆಂಧ್ರದ ಕಡೆ, ಆಮೇಲೆ ಕೋಲ್ಕತ್ತಾ. 1945ರಲ್ಲಿ, ಇಪ್ಪತ್ತೈದು ತುಂಬುವ ಆಸುಪಾಸಿನಲ್ಲಿ, ಅವರು ಬರೆದ ಪ್ರಬಂಧದಿಂದ ಕ್ರಾಮರ್-ರಾವ್ ಮಿತಿ ಬಂತು. ಮಾದರಿಯಿಂದ ತೆಗೆದ ಅಂದಾಜು ಎಷ್ಟು ನಿಖರ ಆಗಬಹುದು ಅನ್ನುವುದಕ್ಕೆ ಅದು ಗಡಿ ಹಾಕುತ್ತದೆ. ಎಂಎ, ಎಂಎಸ್ಸಿಗೆ ಹೋದರೆ ಈ ಹೆಸರು ಪಾಠದಲ್ಲೇ ಸಿಗುತ್ತದೆ. 2023ರಲ್ಲಿ ಅವರಿಗೆ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು, ಅದೇ ವರ್ಷ ಆಗಸ್ಟಿನಲ್ಲಿ ತೀರಿಕೊಂಡರು. ಹಡಗಲಿ, ಕೂಡ್ಲಿಗಿ ಕಡೆಯಿಂದ ಬಸ್ಸಿನಲ್ಲಿ ಬಂದು ಹಿಂದಿನ ಬೆಂಚಿನಲ್ಲಿ ಕೂರುವ ಮಕ್ಕಳಿಗೆ ಈ ಹೆಸರು ಗೊತ್ತಿರಬೇಕು ಅನ್ನುವುದು ನನ್ನ ಆಸೆ.

ಟ್ಯೂಷನ್ ಬೇಕಾ? ದಿನಾ ಎಷ್ಟು ಹೊತ್ತು ಓದಲಿ?

ಹೆಚ್ಚಿನವರಿಗೆ ಟ್ಯೂಷನ್ ಬೇಡ. ಕ್ಲಾಸ್ ಆದ ದಿನವೇ ಅಲ್ಲಿ ಮಾಡಿದ ಲೆಕ್ಕವನ್ನು ಪುಸ್ತಕ ಮುಚ್ಚಿ ಇನ್ನೊಮ್ಮೆ ಮಾಡಿ. ಓದುವ ವಿಷಯ ಅಲ್ಲ ಇದು, ಬರೆದು ಮಾಡುವ ವಿಷಯ. ಇಬ್ಬರು ಮೂವರು ಗೆಳೆಯರು ಕೂತು ಒಬ್ಬರಿಗೊಬ್ಬರು ಹೇಳಿಕೊಟ್ಟರೆ ಇನ್ನೂ ಒಳ್ಳೆಯದು. ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ‘ಸ್ವಯಂ’ ಪೋರ್ಟಲಿನ ಪಾಠಗಳನ್ನು ಪುಕ್ಕಟೆ ನೋಡಬಹುದು, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕೆಂದರೆ ಮಾತ್ರ ಶುಲ್ಕ.

ಉತ್ತರ ತಪ್ಪಿದರೆ ಪೂರ್ತಿ ಅಂಕ ಹೋಗುತ್ತಾ?

ಸಾಮಾನ್ಯವಾಗಿ ಇಲ್ಲ. ಸೂತ್ರ, ಟೇಬಲ್, ಅಂಕಿ ತುಂಬಿದ ಹಂತ, ಉತ್ತರ, ತೀರ್ಮಾನದ ಸಾಲು ಅಂತ ಅಂಕ ಹಂಚಿರುತ್ತದೆ. ಬರೀ ಉತ್ತರ ಬರೆದವರು ಸರಿ ಮಾಡಿದರೂ ಕಳೆದುಕೊಳ್ಳುತ್ತಾರೆ. ಗ್ರಾಫ್‌ಗೆ ಶೀರ್ಷಿಕೆ, ಸ್ಕೇಲ್, ಎರಡೂ ಅಕ್ಷದ ಹೆಸರು ಮರೆಯಬೇಡಿ. ಯಾವ ಭಾಷೆಯಲ್ಲಿ ಬರೆಯಬಹುದು ಅಂತ ಕಾಲೇಜಿನಲ್ಲಿ ಮೊದಲೇ ಕೇಳಿಕೊಳ್ಳಿ.

ಇದನ್ನು ಓದಿದರೆ ಕೆಲಸ ಸಿಗುತ್ತಾ?

ಇದೊಂದೇ ಪೇಪರಿನಿಂದ ಸಿಗುವುದಿಲ್ಲ. ಬ್ಯಾಂಕ್ ಪರೀಕ್ಷೆಗಳ ಅಂಕಿಅಂಶ ವಿಶ್ಲೇಷಣೆ ಭಾಗಕ್ಕೆ ನೇರ ಉಪಯೋಗ. ಸ್ಟ್ಯಾಟಿಸ್ಟಿಕ್ಸನ್ನು ಡಿಗ್ರಿಯ ವಿಷಯವಾಗಿ ಓದಿದವರು ಯುಪಿಎಸ್‌ಸಿ ನಡೆಸುವ ಭಾರತೀಯ ಸಾಂಖ್ಯಿಕ ಸೇವೆಗೆ ಬರೆಯಬಹುದು. ಅರ್ಥಶಾಸ್ತ್ರದಲ್ಲಿ ಎಂಎ ಮಾಡಿದವರಿಗೆ ಭಾರತೀಯ ಆರ್ಥಿಕ ಸೇವೆ ಇದೆ. ಈ ದಾರಿ ನಮ್ಮ ಕಡೆ ಎಷ್ಟೋ ಮಕ್ಕಳಿಗೆ ಗೊತ್ತೇ ಇಲ್ಲ. ದಯವಿಟ್ಟು ಜೂನಿಯರ್‌ಗಳಿಗೂ ಹೇಳಿ.

ಪ್ರಾಜೆಕ್ಟ್‌ಗೆ ನಿಜವಾದ ಅಂಕಿ ಎಲ್ಲಿ ಸಿಗುತ್ತದೆ?

ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಸಂಖ್ಯಾ ಸಂಗ್ರಹಣಾಧಿಕಾರಿಗಳ ಕಚೇರಿ ಇದೆ. ಅಲ್ಲಿಂದ ಬರುವ ‘ಜಿಲ್ಲಾ ಅಂಕಿ ಅಂಶಗಳ ನೋಟ’ದಲ್ಲಿ ಮಳೆ, ಬೆಳೆ, ಶಾಲೆ, ಜನಸಂಖ್ಯೆ ಎಲ್ಲ ತಾಲ್ಲೂಕುವಾರು ಸಿಗುತ್ತದೆ. ದರಕ್ಕೆ ಕೃಷಿ ಮಾರಾಟ ವಾಹಿನಿ. ಕಾಲಶ್ರೇಣಿ (ಕಾಲ ಕಳೆದಂತೆ ಅಂಕಿ ಹೇಗೆ ಬದಲಾಗುತ್ತದೆ ಅನ್ನುವ ಲೆಕ್ಕ) ಮಾಡುವವರು ತುಂಗಭದ್ರಾ ಜಲಾಶಯದ ನೀರಿನ ಮಟ್ಟ, ಒಳಹರಿವಿನ ಅಂಕಿ ತಗೊಳ್ಳಬಹುದು. ಆದರೆ ಒಂದು ಎಚ್ಚರ: ಹೂಳು ತುಂಬಿ ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿಯಿಂದ ಸುಮಾರು 105 ಟಿಎಂಸಿಗೆ ಇಳಿದಿದೆ. 2024ರ ಆಗಸ್ಟಿನಲ್ಲಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಗಿ ನೀರು ಹೊರಗೆ ಹರಿಯಿತು. ಆ ತಿಂಗಳ ಅಂಕಿಯನ್ನು ಮಾಮೂಲಿ ಅಂಕಿ ಅಂತ ಲೆಕ್ಕಕ್ಕೆ ಸೇರಿಸಬೇಡಿ. ಅದಕ್ಕೊಂದು ಅಡಿಟಿಪ್ಪಣಿ ಬರೆದು ಯಾಕೆ ಬೇರೆ ಇಟ್ಟಿರಿ ಅಂತ ಹೇಳಿ. ಪುಸ್ತಕದ ಕೊನೆಯ ಪುಟದಿಂದ ಅಂಕಿ ಎತ್ತಿಕೊಂಡು ಪ್ರಾಜೆಕ್ಟ್ ಮಾಡುವುದಕ್ಕಿಂತ ಇದು ಒಂದು ವಾರ ಜಾಸ್ತಿ ಹಿಡಿಯುತ್ತದೆ, ಅಷ್ಟು ಸಮಯ ಇಟ್ಟುಕೊಂಡೇ ಶುರು ಮಾಡಿ.